ನಿದ್ದೆಯಲ್ಲಿ ಉಸಿರು

ಎಚ್ಚರವಿರುವವನ ಉಸಿರನ್ನು ವೈದ್ಯರು ಬಹುಕಾಲದಿಂದ ಪರೀಕ್ಷಿಸುತ್ತ ಬಂದಿದ್ದಾರೆ. ಮಲಗಿದವನ ಉಸಿರನ್ನು ಅಳೆಯತೊಡಗಿದ್ದು ಮಾತ್ರ ತೀರ ಈಚೆಗೆ. ಪ್ಯಾರಿಸಿನ ಲೆನೆಕ್ ಎಂಬ ವೈದ್ಯ 1816ರಲ್ಲಿ ಕಾಗದವನ್ನು ಕೊಳವೆಯಂತೆ ಸುತ್ತಿ ರೋಗಿಯ ಎದೆಗಿಟ್ಟು ಕೇಳಿದ. ಸ್ಟೆತಾಸ್ಕೋಪು ಹುಟ್ಟಿದ್ದು ಹೀಗೆ. ಶ್ವಾಸಕೋಶದ ಗಾಳಿಗೂಡುಗಳು ಹಿಗ್ಗಿ ಕೆಡುವ ಎಂಫಿಸೀಮ ರೋಗವನ್ನು ಅವನು 1819ರ ತನ್ನ ಗ್ರಂಥದಲ್ಲಿ ವರ್ಣಿಸಿದ. 1846ರಲ್ಲಿ ಲಂಡನ್ನಿನ ಜಾನ್ ಹಚಿನ್ಸನ್ ಎರಡು ಸಾವಿರಕ್ಕೂ ಹೆಚ್ಚು ಜನರಿಂದ ಸ್ಪೈರೋಮೀಟರಿಗೆ ಊದಿಸಿ ಶ್ವಾಸಕೋಶದ ಶಕ್ತಿಯನ್ನು ಅಳೆದ. ಇವೆಲ್ಲ ಹಗಲಿನ ಪರೀಕ್ಷೆಗಳು. ರೋಗಿಯ ರಾತ್ರಿ ಹೇಗೆ ಕಳೆಯಿತೆಂಬುದು ಮನೆಯವರಿಗಷ್ಟೇ ಗೊತ್ತು.

ನಿದ್ದೆ ಶರೀರಕ್ಕೆ ವಿಶ್ರಾಂತಿಯೆಂಬುದು ನಿಜ. ಆದರೆ ನಿದ್ದೆಯಲ್ಲಿ ಎಲ್ಲರ ಉಸಿರೂ ಕೊಂಚ ಕುಗ್ಗುತ್ತದೆ. ಗಂಟಲಿನ ಸ್ನಾಯುಗಳು ಸಡಿಲುತ್ತವೆ. ಕನಸು ಬೀಳುವ ಹೊತ್ತಿನಲ್ಲಿ ಪಕ್ಕೆಲುಬುಗಳ ನಡುವಣ ಸ್ನಾಯುಗಳೂ ಸೋತು, ಭಾರವೆಲ್ಲ ವಪೆಯ ಮೇಲೆ ಬೀಳುತ್ತದೆ. ಆರೋಗ್ಯವಂತನಿಗೆ ಇದರಿಂದ ಬಾಧಕವಿಲ್ಲ. ವರ್ಷಗಟ್ಟಲೆ ಬೀಡಿ ಸೇದಿಯೋ, ಸೌದೆಯ ಒಲೆಯ ಮುಂದೆ ಊದುಗೊಳವೆ ಹಿಡಿದು ಹೊಗೆ ಕುಡಿದೋ ಶ್ವಾಸಕೋಶ ಕೆಟ್ಟವರಿಗಾದರೆ ಕೈಯಲ್ಲಿರುವ ಗಂಟೇ ಅಲ್ಪ; ರಾತ್ರಿಯ ಈ ಸಣ್ಣ ಖರ್ಚೂ ಅವರಿಗೆ ದುಬಾರಿ.

ಇನ್ನೊಂದು ಬಗೆಯ ರೋಗಿಗಳಿದ್ದಾರೆ. ಇವರ ಶ್ವಾಸಕೋಶ ನೆಟ್ಟಗಿದ್ದರೂ ನಿದ್ದೆಯಲ್ಲಿ ಗಂಟಲೇ ಮುಚ್ಚಿಕೊಳ್ಳುತ್ತದೆ. 1836-37ರಲ್ಲಿ ಪ್ರಕಟವಾದ ಡಿಕನ್ಸನ ‘ಪಿಕ್‌ವಿಕ್ ಪೇಪರ್ಸ್’ ಕಾದಂಬರಿಯಲ್ಲಿ ನಿಂತಲ್ಲೇ ತೂಕಡಿಸಿ ಗೊರಕೆ ಹೊಡೆಯುವ ದಪ್ಪ ಹುಡುಗನೊಬ್ಬನಿದ್ದಾನೆ. ಓದಿದವರೆಲ್ಲ ನಕ್ಕರು. 1956ರಲ್ಲಿ ಅಮೆರಿಕದ ಬರ್ವೆಲ್ ಮತ್ತು ಸಂಗಡಿಗರು ಅಂಥದೇ ರೋಗಿಯೊಬ್ಬನ ಸಂಗತಿಯನ್ನು ಬರೆದರು. ಇಸ್ಪೀಟಿನಲ್ಲಿ ಗೆಲ್ಲುವ ಎಲೆಗಳು ಕೈಗೆ ಬಂದಿದ್ದಾಗಲೇ ಅವನಿಗೆ ನಿದ್ದೆ ಹತ್ತಿತ್ತು! ಬರ್ವೆಲ್ಲರು ಆ ಕಾದಂಬರಿಯ ಹೆಸರನ್ನೇ ರೋಗಕ್ಕಿಟ್ಟರು. ಆದರೆ ಹಗಲು ತೂಕಡಿಕೆಗೆ ರಾತ್ರಿಯಲ್ಲೇ ಕಾರಣವಿದೆಯೆಂದು ತೋರಿದ್ದು 1965ರಲ್ಲಿ. ಫ್ರಾನ್ಸಿನ ಗಾಸ್ತೋ ಮತ್ತು ಸಹೋದ್ಯೋಗಿಗಳು ಇಂಥವರು ಮಲಗಿರುವಾಗ ಮಿದುಳಿನ ಅಲೆಗಳನ್ನೂ ಉಸಿರನ್ನೂ ಒಟ್ಟಿಗೆ ದಾಖಲಿಸಿದರು. ಗೊರಕೆ ನಿಂತಾಗಲೆಲ್ಲ ಉಸಿರೇ ನಿಂತಿರುತ್ತಿತ್ತು; ಅರೆ ಎಚ್ಚರವಾದ ಮೇಲೆ ಮತ್ತೆ ಉಸಿರು. ರಾತ್ರಿಯೆಲ್ಲ ಇದೇ ಪಾಡು. ಬೆಳಿಗ್ಗೆ ರೋಗಿಗೆ ಒಂದೂ ನೆನಪಿಲ್ಲ.

ಆಗ ಇದ್ದ ಮುಖ್ಯ ಉಪಾಯವೆಂದರೆ ಕತ್ತಿನಲ್ಲಿ ರಂಧ್ರ ಕೊರೆದು ಕೊಳವೆ ಇಡುವುದು. 1981ರಲ್ಲಿ ಸಿಡ್ನಿಯ ಕಾಲಿನ್ ಸಲಿವನ್ ಅವರು ಮೂಗಿನ ಮೂಲಕ ಎಡೆಬಿಡದೆ ಗಾಳಿಯನ್ನು ಒತ್ತಿ, ಗಂಟಲು ಮುಚ್ಚದಂತೆ ತಡೆಯುವ ಕ್ರಮವನ್ನು ಐವರು ರೋಗಿಗಳ ಅನುಭವದೊಡನೆ ಪ್ರಕಟಿಸಿದರು. 1985ರಲ್ಲಿ ಎಡಿನ್‌ಬರೋದ ಡೇವಿಡ್ ಫ್ಲೆನ್ಲಿ, ಎರಡು ಬೇನೆಗಳೂ ಒಬ್ಬರಲ್ಲೇ ಸೇರುವುದುಂಟೆಂದು ಎಚ್ಚರಿಸಿದರು. ಅಂಥವರಿಗೆ ರಾತ್ರಿ ಆಮ್ಲಜನಕದ ಕೊರತೆ ಇಮ್ಮಡಿ ಕಷ್ಟ ತರುತ್ತದೆ.

ಹಾಗಾದರೆ ಆಮ್ಲಜನಕ ಕೊಟ್ಟರಾಯಿತಲ್ಲ ಎನ್ನಬಹುದು. ಅದನ್ನೂ ಅಳೆದೇ ಕೊಡಬೇಕು. ಹಳೆಯ ಶ್ವಾಸಕೋಶ ರೋಗಿಗಳಲ್ಲಿ ಕೆಲವರಿಗೆ ಅದು ಮಿತಿಮೀರಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಮಂಪರು ಕವಿಯುತ್ತದೆ. ಇದಕ್ಕೆಂದೇ 1960ರಲ್ಲಿ ಮೊರಾನ್ ಕ್ಯಾಂಪ್‌ಬೆಲ್ ಅಳತೆಯ ಮುಖವಾಡವೊಂದನ್ನು ರೂಪಿಸಿದರು. 1981ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಲಿಯ ಪರೀಕ್ಷೆಯ ಫಲ ಹೊರಬಂತು. ರಕ್ತದಲ್ಲಿ ಆಮ್ಲಜನಕ ತೀರ ಇಳಿದಿದ್ದವರ ಪೈಕಿ, ನಿದ್ದೆಯ ಹೊತ್ತೂ ಸೇರಿ ದಿನಕ್ಕೆ 15 ಗಂಟೆಯಾದರೂ ಅದನ್ನು ಪಡೆದ 42 ಮಂದಿಯಲ್ಲಿ ಐದು ವರ್ಷಗಳೊಳಗೆ 19 ಜನ ತೀರಿಕೊಂಡರು. ಪಡೆಯದ 45 ಮಂದಿಯಲ್ಲಿ 30 ಜನ. ರಾತ್ರಿಯನ್ನೂ ಲೆಕ್ಕಕ್ಕೆ ಹಿಡಿದ ಚಿಕಿತ್ಸೆಯಿಂದ ಆಯುಷ್ಯವೇ ಬೆಳೆಯಿತು.

ಇಷ್ಟು ಸಾಧನಗಳು ಬಂದಿದ್ದರೂ ಮೊದಲ ಸಾಕ್ಷಿ ಇಂದಿಗೂ ಮನೆಯವರೇ. ಮಲಗಿದವನಿಗೆ ತನ್ನ ಉಸಿರು ನಿಂತದ್ದು ತಿಳಿಯದು. ಪಕ್ಕದಲ್ಲಿ ಮಲಗಿದವರಿಗೆ ತಿಳಿಯುತ್ತದೆ. ಗೊರಕೆ ನಡುನಡುವೆ ತಟ್ಟನೆ ನಿಂತು ಮತ್ತೆ ಏದುಸಿರಿನೊಡನೆ ಮೊದಲಾಗುವುದು, ಬೆಳಿಗ್ಗೆ ತಲೆನೋವು, ಹಗಲು ತೂಕಡಿಕೆ—ಇವನ್ನು ಕಂಡರೆ ನಕ್ಕು ಬಿಡಬಾರದು, ವೈದ್ಯರಿಗೆ ಹೇಳಬೇಕು. ಅವರನ್ನು ಕೇಳದೆ ನಿದ್ದೆಮಾತ್ರೆ ಕೊಡಲೂ ಬಾರದು. ಅದರಿಂದ ಉಸಿರು ಇನ್ನಷ್ಟು ಕುಗ್ಗೀತು. ಅಜ್ಜನ ಗೊರಕೆಯ ವಿಚಾರ ಮನೆಯಲ್ಲಿ ತಮಾಷೆಯ ಮಾತಾಗಿದ್ದರೆ, ಒಂದು ರಾತ್ರಿ ಅದಕ್ಕೆ ಕಿವಿಗೊಟ್ಟು ಕೇಳುವುದು ಒಳ್ಳೆಯದು.