ಉಪದೇಶಿಗಳು ನಡೆದ ದಾರಿ

ಮಂಗಳೂರಿನ ಬಲ್ಮಠ ಗುಡ್ಡದ ಮೇಲೆ ಓದಿ, ದಕ್ಷಿಣ ಕನ್ನಡ ಮತ್ತು ಕೊಡಗಿನ ಕ್ರೈಸ್ತ ಸಭೆಗಳಲ್ಲಿ ಸಭಾಪಾಲಕನಾಗಿ ದುಡಿದು ನಿವೃತ್ತನಾದವನು ನಾನು. ಬಾಸೆಲ್ ಮಿಶನ್ ಎಂದೊಡನೆ ಕನ್ನಡಿಗರಿಗೆ ಇಬ್ಬರು ನೆನಪಾಗುತ್ತಾರೆ: 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಮೋಗ್ಲಿಂಗ್, 1894ರಲ್ಲಿ ಕನ್ನಡ ನಿಘಂಟನ್ನು ಅಚ್ಚಿಗೆ ತಂದ ಕಿಟ್ಟೆಲ್. ಆ ಗೌರವ ಅವರಿಗೆ ಸಲ್ಲಬೇಕಾದದ್ದೇ. ಆದರೆ ಊರೂರಿನ ಸಭೆಗಳನ್ನು ಕೈಹಿಡಿದು ನಡೆಸಿದವರು ಇದೇ ನೆಲದಲ್ಲಿ ಹುಟ್ಟಿದ ಉಪದೇಶಿಗಳು ಮತ್ತು ಪಾದ್ರಿಗಳು. ಅವರ ಚರಿತ್ರೆಯನ್ನು ನಾವಿನ್ನೂ ಸರಿಯಾಗಿ ಬರೆದಿಲ್ಲ.

1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಶನರಿಗಳು ಮಂಗಳೂರಿಗೆ ಬಂದರು. ಎರಡು ವರ್ಷಗಳ ನಂತರ ಬಂದ ಹೆರ್ಮನ್ ಮೋಗ್ಲಿಂಗರ ಶಾಲೆಗೆ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣರ ಹುಡುಗ ಸೇರಿದ. 1825ರಲ್ಲಿ ಹುಟ್ಟಿದ ಆತ 1844ರ ಜನವರಿಯಲ್ಲಿ, ಇನ್ನೂ ಇಪ್ಪತ್ತು ತುಂಬುವ ಮೊದಲೇ, ದೀಕ್ಷಾಸ್ನಾನ ಪಡೆದು ಗುರುವಿನ ಹೆಸರನ್ನೇ ತನ್ನ ಹೆಸರಿನ ಮುಂದೆ ಇಟ್ಟುಕೊಂಡ. ಪಟ್ಟಣದಲ್ಲಿ ಗದ್ದಲವೆದ್ದಿತು. ಮನೆ, ಜಾತಿ, ಬಂಧುಬಳಗ ಎಲ್ಲವೂ ದೂರವಾದವು. ಕೈಹಿಡಿದ ಹೆಂಡತಿ ಲಕ್ಷ್ಮಿಯೂ ಜೊತೆಗೆ ಬರಲಿಲ್ಲ. ಆಕೆಯ ಪಾಲಿಗೆ ಬಂದ ದುಃಖವನ್ನು ನಮ್ಮ ಸಭಾಚರಿತ್ರೆಗಳು ಒಂದೆರಡು ಸಾಲಿನಲ್ಲಿ ದಾಟಿಬಿಡುತ್ತವೆ. ಅದು ನ್ಯಾಯವಲ್ಲ ಎಂದೇ ನನ್ನ ನಂಬಿಕೆ.

1846ರಲ್ಲಿ ಮೋಗ್ಲಿಂಗರ ಜೊತೆ ಕೌಂಡಿನ್ಯರು ಸ್ವಿಟ್ಜರ್‌ಲೆಂಡಿನ ಬಾಸೆಲ್ಲಿಗೆ ಹೊರಟರು. ರೈತರ, ಕುಶಲಕರ್ಮಿಗಳ ಮಕ್ಕಳೇ ಹೆಚ್ಚಾಗಿದ್ದ ಅಲ್ಲಿನ ಸೆಮಿನರಿಯಲ್ಲಿ ಓದಿ, 1851ರಲ್ಲಿ ಗುರು ಅಭಿಷೇಕ ಪಡೆದು ಊರಿಗೆ ಮರಳಿದರು. ಮಿಶನ್ ಅವರನ್ನು ಯುರೋಪಿನ ಮಿಶನರಿಗಳ ಸಾಲಿನಲ್ಲೇ ಕೂರಿಸಿತು. ಆ ಕಾಲಕ್ಕೆ ಇದು ಸಾಮಾನ್ಯ ಸಂಗತಿಯಲ್ಲ. ಆಮೇಲೆ ಬಲ್ಮಠದ ಸೆಮಿನರಿಯಲ್ಲಿ ಕುಳಿತು ನಮ್ಮವರೇ ಆದ ಹುಡುಗರಿಗೆ ಪಾಠ ಹೇಳಿದರು. ಕೊಡಗಿನಲ್ಲಿ ಹೊಲೆಯರ ಕುಟುಂಬಗಳಿಗಾಗಿ ಆನಂದಪುರ ಎಂಬ ಹಳ್ಳಿ ಎದ್ದಾಗ ಅದರ ಬೆನ್ನಿಗೆ ನಿಂತರು. 1860ರಲ್ಲಿ ಮರೀ ರೈನ್‌ಹಾರ್ಟ್ ಎಂಬ ಜರ್ಮನ್ ಮಹಿಳೆಯನ್ನು ಮದುವೆಯಾದರು. 1893ರಲ್ಲಿ ತೀರಿಕೊಂಡರು.

ಕೌಂಡಿನ್ಯರ ಬದುಕು ಕಾಗದದ ಮೇಲೆ ಉಳಿದದ್ದು ಅವರು ಬಾಸೆಲ್ಲಿಗೆ ಹೋಗಿಬಂದ ಕಾರಣಕ್ಕೆ. ಉಳಿದವರ ದಾರಿ ಊರೊಳಗೇ ಸಾಗಿತು. ಮಿಶನ್ ಶಾಲೆಯಲ್ಲಿ ಓದಿದ ಹುಡುಗ, ಮೊದಲು ಹಳ್ಳಿಯ ಮಾಸ್ತರ, ನಂತರ ಉಪದೇಶಿ, ಹಲವು ವರ್ಷ ದುಡಿದ ಮೇಲೆ, ಯೋಗ್ಯನೆಂದು ಕಂಡರೆ ಮಾತ್ರ, ಅಭಿಷೇಕ ಪಡೆದ ಪಾದ್ರಿ. ಉಪದೇಶಿ ಹಗಲು ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದ, ಸಂಜೆ ಮನೆಮನೆಯ ಪ್ರಾರ್ಥನೆಗೆ ಹೋಗುತ್ತಿದ್ದ. ಕಾಯಿಲೆಯವರ ಪಕ್ಕದಲ್ಲಿ ಕೂರುವವನೂ, ಜಗಳ ಬಿಡಿಸುವವನೂ ಅವನೇ. ಆದರೆ ದೀಕ್ಷಾಸ್ನಾನ ಕೊಡುವ, ಕರ್ತನ ಭೋಜನ ಹಂಚುವ ಅಧಿಕಾರ ಅವನಿಗಿರಲಿಲ್ಲ. ಅದಕ್ಕೆ ಅಯ್ಯನವರೇ, ಅಂದರೆ ಅಭಿಷೇಕ ಪಡೆದ ಪಾದ್ರಿಯೇ, ಬರಬೇಕು.

ನನ್ನ ಅಜ್ಜ ಇಂಥ ಉಪದೇಶಿ. ಮನೆಮಾತು ತುಳು, ಆರಾಧನೆ ಕನ್ನಡದಲ್ಲಿ. ಕರಾವಳಿಯಲ್ಲಿ ಸಭೆಗೆ ಸೇರಿದವರಲ್ಲಿ ಬಿಲ್ಲವರು ಹೆಚ್ಚು. ಅವರ ಎದೆಗೆ ಮುಟ್ಟುವ ಮಾತು ತುಳುವೇ. ಮಿಶನ್ ಅದನ್ನು ಬೇಗ ಅರಿತದ್ದರಿಂದಲೇ ಹೊಸ ಒಡಂಬಡಿಕೆ 1847ರಷ್ಟು ಹಿಂದೆಯೇ ತುಳುವಿನಲ್ಲಿ ಬಂತು. ಅಜ್ಜ ಶಾಲೆಯಲ್ಲಿ ಕನ್ನಡದ ಕಾಗುಣಿತ ತಿದ್ದಿಸಿ, ಅದೇ ಮಕ್ಕಳ ಅಂಗಳದಲ್ಲಿ ತುಳುವಿನಲ್ಲಿ ಬೈಬಲಿನ ಕಥೆ ಹೇಳುತ್ತಿದ್ದರಂತೆ. ಸಭೆಗೆ ಸೇರಿದವನ ಕೆಲಸ ತಪ್ಪಿದರೆ, ಮನೆಯಿಂದ ಹೊರಬಿದ್ದರೆ, ಅವನ ಹೊಟ್ಟೆಪಾಡಿನ ಚಿಂತೆಯೂ ಉಪದೇಶಿಯದೇ. ಮಿಶನ್ ನೇಯ್ಗೆ ಕಾರ್ಖಾನೆ ನಡೆಸಿದ್ದು, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು ಇಂಥವರ ಕೈಗೆ ಕೆಲಸ ಕೊಡಲೆಂದೇ.

ಮೊದಲ ಮಹಾಯುದ್ಧ ಎಲ್ಲವನ್ನೂ ಬದಲಿಸಿತು. ಜರ್ಮನ್ ಮಿಶನರಿಗಳು ಬಂಧನಕ್ಕೊಳಗಾಗಿ ದೇಶ ಬಿಡಬೇಕಾಯಿತು. ಕಾರ್ಖಾನೆಗಳು ಮಿಶನಿನ ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಆಗ ಸಭೆಗಳು ಮುಳುಗಲಿಲ್ಲ. ನಮ್ಮ ಪಾದ್ರಿಗಳು, ಉಪದೇಶಿಗಳು, ಸಭಾ ಹಿರಿಯರು ಭಾರ ಹೊತ್ತರು. ಇಲ್ಲಿನವರಿಗೆ ಸಭೆ ನಡೆಸುವ ಶಕ್ತಿಯಿದೆಯೇ ಎಂಬ ಹಳೆಯ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಆ ವರ್ಷಗಳಲ್ಲಿ. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿತು. ಕನ್ನಡ ನಾಡಿನ ಬಾಸೆಲ್ ಮಿಶನ್ ಸಭೆಗಳೂ ಕಾಲಕ್ರಮದಲ್ಲಿ ಅದರೊಳಗೆ ಬಂದವು.

ನನ್ನ ಕಾಲಕ್ಕೆ ಬಲ್ಮಠದ ಸೆಮಿನರಿ ಕರ್ನಾಟಕ ಥಿಯೋಲಾಜಿಕಲ್ ಕಾಲೇಜಾಗಿತ್ತು, ಪದವಿ ಸೆರಾಂಪುರದ್ದು. ಗ್ರೀಕ್, ಹೀಬ್ರೂ, ಸಭಾಚರಿತ್ರೆ, ಭಾರತದ ಧರ್ಮಗಳು ಎಲ್ಲವನ್ನೂ ಓದಿದೆವು. ಮೊದಲು ಡೀಕನ್, ನಂತರ ಬಿಷಪರ ಹಸ್ತನಿಕ್ಷೇಪ, ಆಮೇಲೆ ಕೆಲವು ವರ್ಷಕ್ಕೊಮ್ಮೆ ವರ್ಗ. ಪ್ರಸಂಗ ಮಾಡಲು ಕಾಲೇಜು ಕಲಿಸಿತು. ಮಗ ಸತ್ತ ತಾಯಿಯ ಮುಂದೆ ಬಾಯಿಮುಚ್ಚಿ ಕೂರುವುದನ್ನು, ಪಾಲಿನ ಜಗಳದಲ್ಲಿ ಅಣ್ಣತಮ್ಮಂದಿರಿಬ್ಬರ ಮಾತನ್ನೂ ಕೊನೆಯವರೆಗೆ ಕೇಳುವುದನ್ನು ನಾನು ಕಲಿತದ್ದು ಅಜ್ಜನ ದಿನಚರಿಯಿಂದ. ಇವತ್ತು ಯಾರ ಮನೆಗೆ ಹೋದೆ, ಯಾರು ಹಾಸಿಗೆ ಹಿಡಿದಿದ್ದಾರೆ, ಯಾವ ಮಗು ಶಾಲೆಗೆ ಬರಲಿಲ್ಲ — ಅದರಲ್ಲಿದ್ದದ್ದು ಇಷ್ಟೇ. ಪಾದ್ರಿಯ ಕೆಲಸದ ತಿರುಳೂ ಇಷ್ಟೇ ಎಂದು ಜೀವಮಾನವಿಡೀ ದುಡಿದ ಮೇಲೆ ಹೇಳಬಲ್ಲೆ.

ಮಿಶನರಿಗಳ ಪತ್ರಗಳು ಬಾಸೆಲ್ಲಿನ ದಾಖಲೆ ಭಂಡಾರದಲ್ಲಿ ಭದ್ರವಾಗಿವೆ. ನಮ್ಮ ಉಪದೇಶಿಗಳ ದಿನಚರಿಗಳು ಅಟ್ಟದ ಮೇಲೆ, ಹಳೆಯ ಟ್ರಂಕುಗಳಲ್ಲಿ ಗೆದ್ದಲಿಗೆ ಆಹಾರವಾಗುತ್ತಿವೆ. ಉಡುಪಿ, ಮೂಲ್ಕಿ, ಧಾರವಾಡ, ಹುಬ್ಬಳ್ಳಿ, ಬೆಟಗೇರಿಯ ಹಳೆಯ ಸಭಾ ಕುಟುಂಬಗಳವರಲ್ಲಿ ನನ್ನದೊಂದೇ ಕೋರಿಕೆ: ನಿಮ್ಮ ಅಜ್ಜ, ಮುತ್ತಜ್ಜರ ಕೈಬರಹ, ಪತ್ರ, ಪಟಗಳನ್ನು ಬಲ್ಮಠದ ಕಾಲೇಜಿನ ದಾಖಲೆ ಸಂಗ್ರಹಕ್ಕೆ ತಲುಪಿಸಿ. ಕಾಗದ ಉಳಿದಿಲ್ಲವಾದರೆ ಹಿರಿಯರ ಪಕ್ಕ ಕುಳಿತು, ಅವರು ಹೇಳಿದ್ದನ್ನು ಇವತ್ತೇ ಬರೆದಿಡಿ.