ಮುಂಡರಗಿಯಿಂದ ಕೊಪ್ಪಳಕ್ಕೆ

ಮುಂಡರಗಿಯಿಂದ ಅಳವಂಡಿಯ ಮೇಲೆ ಹಾದು ಕೊಪ್ಪಳಕ್ಕೆ ಸೈಕಲ್ಲು ತುಳಿಯುವವನಿಗೆ ಬೆನ್ನ ಹಿಂದೆ ಕಪ್ಪತಗುಡ್ಡ, ಮುಂದೆ ಕೊಪ್ಪಳದ ಕಲ್ಲುಗುಡ್ಡಗಳು, ನಡುವೆ ಎರೆಹೊಲ. ಹಳೆಯ ಗಡಿಯೊಂದನ್ನು ದಾಟಿದುದು ತಿಳಿಯುವುದೇ ಇಲ್ಲ. 1947ರ ಆಗಸ್ಟ್ 15ರಂದು ಮುಂಡರಗಿ ಸ್ವತಂತ್ರವಾಯಿತು. ಅಳವಂಡಿ, ಕೊಪ್ಪಳ, ಕುಷ್ಟಗಿ, ಯಲಬುರ್ಗಾ, ಗಂಗಾವತಿಗಳು ನಿಜಾಮನ ಕೈಯಲ್ಲೇ ಉಳಿದವು. ಒಂದೇ ಮಾತು, ಒಂದೇ ರೊಟ್ಟಿ. ದೊರೆತನ ಮಾತ್ರ ಬೇರೆ! ರಜಾಕಾರರ ಹಾವಳಿ ತಾಳದೆ ಜನ ಗಡಿಯಾಚೆ ಬಂದರು. ಅಳವಂಡಿಯ ಶಿವಮೂರ್ತಿಸ್ವಾಮಿಗಳು ಮುಂಡರಗಿಯಲ್ಲಿ ಶಿಬಿರ ಹೂಡಿ ತರುಣರನ್ನು ಹೋರಾಟಕ್ಕೆ ಅಣಿಗೊಳಿಸಿದರು. ತಮ್ಮೂರು ಅಷ್ಟು ಹತ್ತಿರ, ನಿರಾತಂಕವಾಗಿ ಮರಳುವಂತಿಲ್ಲ. ಎರಡೂರುಗಳ ನಂಟೇನೋ ಹಳೆಯದು: 1858ರಲ್ಲಿ ಮುಂಡರಗಿ ಭೀಮರಾಯ ಕೊಪ್ಪಳದ ಕೋಟೆಯನ್ನು ಹಿಡಿದು, ಅಲ್ಲಿಯೇ ಬ್ರಿಟಿಷರೊಡನೆ ಕಾದಿ ಮಡಿದಿದ್ದ. 1948ರ ಸೆಪ್ಟೆಂಬರ್ 17ರಂದು ನಿಜಾಮ ಶರಣಾದ. ಆದರೂ ಮುಂಡರಗಿ, ಕೊಪ್ಪಳಗಳು ಒಂದೇ ರಾಜ್ಯಕ್ಕೆ ಸೇರಲು 1956ರ ನವೆಂಬರ್ 1ರವರೆಗೆ ಕಾಯಬೇಕಾಯಿತು.