ಹಾಳೂರಿನ ಮಣ್ಣು: ಗಚ್ಚಿಬೌಲಿಯ ಸುತ್ತಲಿನ ಪ್ರಾಚೀನ ನೆಲೆಗಳು

ಗಚ್ಚಿಬೌಲಿಯೆಂದೊಡನೆ ನಮ್ಮ ಕಣ್ಮುಂದೆ ನಿಲ್ಲುವುದು ಗಾಜಿನ ಬಹುಮಹಡಿ ಕಟ್ಟಡಗಳು. ಆದರೆ ಇಲ್ಲಿಯೇ ಇರುವ ಹೈದರಾಬಾದ್ ವಿಶ್ವವಿದ್ಯಾಲಯದ ಆವರಣದಲ್ಲಿ ಪ್ರಾಧ್ಯಾಪಕ ಕೆ.ಪಿ. ರಾವ್ ಅವರ ನೇತೃತ್ವದಲ್ಲಿ ನಡೆದ ಉತ್ಖನನವು ಬೃಹತ್ ಶಿಲಾ ಸಂಸ್ಕೃತಿಯ ಸಮಾಧಿಗಳನ್ನೂ ಕಬ್ಬಿಣದ ಉಪಕರಣಗಳನ್ನೂ ಬೆಳಕಿಗೆ ತಂದಿದೆ. ಅವುಗಳ ಕಾಲ ಕ್ರಿ.ಪೂ. 2200ರ ಸುಮಾರು ಎಂಬ ನಿರ್ಣಯ 2015ರಲ್ಲಿ ಪ್ರಕಟವಾಗಿ ವಿದ್ವಾಂಸರ ಗಮನ ಸೆಳೆಯಿತು.

ಸಮಾಧಿಗಳು ಮೃತರ ನೆಲೆಗಳು. ಮುಂದಿನ ಕಾಲದ, ಅಂದರೆ ಕ್ರಿ.ಶ. 6ರಿಂದ 12ನೆಯ ಶತಮಾನದವರೆಗಿನ ರೈತಾಪಿ ಹಳ್ಳಿಗಳ ವಿಷಯವನ್ನು ನಾವು ಹೆಚ್ಚಾಗಿ ಅರಿಯುವುದು ಶಾಸನಗಳಿಂದ. ಕಲ್ಯಾಣ ಚಾಲುಕ್ಯ ಎರಡನೆಯ ಜಯಸಿಂಹನ ರಾಜಧಾನಿಯಾಗಿದ್ದ ಪೊಟ್ಟಳಕೆರೆಯನ್ನು ವಿದ್ವಾಂಸರು ನಮ್ಮ ನೆರೆಯ ಪಟಾನ್‌ಚೆರುವೆಂದು ಗುರುತಿಸಿದ್ದಾರೆ. ಕೊಳ್ಳಿಪಾಕೆ ಏಳುಸಾಸಿರವೆಂಬ ಆಡಳಿತ ವಿಭಾಗದ ಕೇಂದ್ರವು ಇಂದಿನ ಕುಲ್ಪಾಕ್. ಕರೀಂನಗರ ಜಿಲ್ಲೆಯ ಕುರಿಕ್ಯಾಲದಲ್ಲಿ ಆದಿಕವಿ ಪಂಪನ ತಮ್ಮ ಜಿನವಲ್ಲಭನ ತ್ರಿಭಾಷಾ ಶಾಸನವಿದೆ. ಈ ಕಾಲದ ಶಾಸನಗಳಲ್ಲಿ ಕೆರೆ, ಮತ್ತರು, ಗಾಣ, ತೋಟ, ಗಾವುಂಡರ ಉಲ್ಲೇಖ ಸಾಮಾನ್ಯ.

ಶಾಸನವು ದಾನಿಯನ್ನೂ ದಾನವನ್ನೂ ಹೇಳುತ್ತದೆ. ಒಕ್ಕಲಿನ ಮನೆಯಲ್ಲಿ ಏನು ಬೇಯುತ್ತಿತ್ತೆಂದು ಹೇಳುವುದಿಲ್ಲ. ಅದನ್ನು ತಿಳಿಸುವುದು ಉತ್ಖನನ ಮಾತ್ರ. ಮಣ್ಣಿನ ಪದರಗಳನ್ನು ಒಂದೊಂದಾಗಿ ಬಿಡಿಸಿದಾಗ ಒಲೆಯ ಬೂದಿ, ಸುಟ್ಟ ಕಾಳು, ಹಗೇವಿನ ಗುಂಡಿ, ಕಂಬ ನೆಟ್ಟ ಕುಳಿ, ಬೀಸುಕಲ್ಲು, ಕಬ್ಬಿಣದ ಕಿಟ್ಟ ಮುಂತಾದವು ದೊರೆಯಬಹುದು. ಆದರೆ ಅನೇಕ ಹಳೆಯ ಊರುಗಳ ಮೇಲೆಯೇ ಇಂದಿನ ಊರುಗಳಿವೆ. ಕಂದಾಯ ದಾಖಲೆಗಳಲ್ಲಿ ಬೇಚರಾಕ್, ಅಂದರೆ ದೀಪವಿಲ್ಲದ ಊರು, ಎನಿಸಿಕೊಂಡ ಹಾಳೂರುಗಳ ದಿಬ್ಬದ ಮಣ್ಣನ್ನು ರೈತರು ಗೊಬ್ಬರಕ್ಕಾಗಿ ಹೊಲಕ್ಕೆ ಸಾಗಿಸಿದ್ದಾರೆ. ತೆಲುಗರು ಇದನ್ನೇ ಪಾಟಿಮಣ್ಣು ಎನ್ನುತ್ತಾರೆ.

ಅಗೆತದ ಭಾಗ್ಯ ಮೊದಲು ಬಂದದ್ದು ಪಟ್ಟಣಗಳಿಗೆ. ಸಂಗಾರೆಡ್ಡಿ ಜಿಲ್ಲೆಯ ಕೊಂಡಾಪುರದಲ್ಲಿ 1940ರ ದಶಕದ ಆರಂಭದಲ್ಲಿಯೇ ಗುಲಾಂ ಯಜ್ದಾನಿಯವರು ಉತ್ಖನನ ನಡೆಸಿ ಶಾತವಾಹನರ ಕಾಲದ ನಗರವನ್ನು ಹೊರತೆಗೆದರು. ಇದು ಗಚ್ಚಿಬೌಲಿಗೆ ಹೊಂದಿಕೊಂಡ ಕೊಂಡಾಪುರವಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಅಲ್ಲಿನ ವಸ್ತುಸಂಗ್ರಹಾಲಯ ಮಕ್ಕಳೊಡನೆ ನೋಡತಕ್ಕದ್ದು.

2025ರ ಮಾರ್ಚ್ ಕೊನೆಯಲ್ಲಿ ಕಂಚ ಗಚ್ಚಿಬೌಲಿಯ ಸುಮಾರು 400 ಎಕರೆ ಭೂಮಿಗೆ ಯಂತ್ರಗಳು ಇಳಿದಾಗ, ಏಪ್ರಿಲ್ 3ರಂದು ಸುಪ್ರೀಂ ಕೋರ್ಟ್ ಮರ ಕಡಿಯುವುದನ್ನು ತಡೆಯಿತು. ಅಂದಿನ ಚರ್ಚೆ ಮುಖ್ಯವಾಗಿ ಮರ, ಪ್ರಾಣಿ, ಪಕ್ಷಿಗಳ ಕುರಿತಾಗಿತ್ತು. ಮಣ್ಣಿನ ಪದರವೂ ಅಷ್ಟೇ ಮುಖ್ಯವೆಂಬುದು ನಮ್ಮ ಅಭಿಪ್ರಾಯ. ಕಡಿದ ಮರದ ಜಾಗದಲ್ಲಿ ಇನ್ನೊಂದು ಸಸಿ ನೆಡಬಹುದು. ಕಲಕಿದ ಪದರವನ್ನು ಮರಳಿ ಜೋಡಿಸಲಾಗದು.

ಮನೆಯ ಪಾಯ ತೋಡುವಾಗ ಹಳೆಯ ಮಡಕೆ ಚೂರು, ಬರಹವಿರುವ ಕಲ್ಲು ಕಂಡರೆ ಕದಲಿಸದೆ, ಚಿತ್ರ ತೆಗೆದು ತೆಲಂಗಾಣದ ಪಾರಂಪರ್ಯ ಇಲಾಖೆಗೆ ತಿಳಿಸುವುದು ಒಳಿತು. ನಿಧಿ ದೊರೆತರೆ 1878ರ ನಿಧಿ ಕಾಯಿದೆಯಂತೆ ಜಿಲ್ಲಾಧಿಕಾರಿಗಳಿಗೆ ತಿಳಿಸುವುದು ಕಡ್ಡಾಯ. ಕಲ್ಲಿನ ಮೇಲಿನ ಬರಹ ಕನ್ನಡವೇ ಆಗಿದ್ದರೆ ಅದನ್ನು ಮೊದಲು ಗುರುತಿಸಬಲ್ಲವರು ಇಲ್ಲಿ ನೆಲೆಸಿರುವ ನಾವೇ ಅಲ್ಲವೇ?